ಖಾತೆಯಲ್ಲಿ ಬರೆಯದ ಬಾಕಿ

ಬೀದರ ನಗರದ ಗಾಂಧಿ ಗಂಜದ ಒಂದು ಅಡತಿ ಅಂಗಡಿಯಲ್ಲಿ ನಾನು ಲೆಕ್ಕ ಬರೆಯಲು ಕುಳಿತು ಇಪ್ಪತ್ತೆಂಟು ವರ್ಷಗಳು ಸಂದವು. ಭಾಲ್ಕಿ, ಔರಾದ ಕಡೆಯ ರೈತರು ತರುವ ಹೆಸರು, ಉದ್ದು, ತೊಗರಿ, ಕಡಲೆ, ಸೋಯಾ ಇವುಗಳ ನಡುವೆಯೇ ನನ್ನ ತಲೆಗೂದಲು ನರೆತಿದೆ. ಖರೀದಿದಾರನು ಒಂದು ಹಿಡಿ ಕಾಳು ಎತ್ತಿ ಊದುತ್ತಾನೆ, ಹಲ್ಲಿನಲ್ಲಿ ಕಡಿದು ತೇವ ನೋಡುತ್ತಾನೆ. ಅಂಗೈಯಲ್ಲಿ ತುಸು ಧೂಳು ಉಳಿದರೆ "ಮಣ್ಣು ಅದ" ಎಂದು ದರ ಇಳಿಸುತ್ತಾನೆ. ಇಷ್ಟು ವರ್ಷಗಳಲ್ಲಿ ನಾನು ಗಂಜದಲ್ಲಿ ಮಣ್ಣಿನ ಹೆಸರನ್ನು ಕೇಳಿದ್ದು ಹೀಗೆ, ದೋಷದ ಹೆಸರಾಗಿ ಮಾತ್ರ.

ಭಾಲ್ಕಿ ತಾಲ್ಲೂಕಿನ ನಮ್ಮ ಊರಿನಲ್ಲಿ ನಮಗೆ ನಾಲ್ಕು ಎಕರೆ ಎರೆಭೂಮಿಯಿದೆ. ತಮ್ಮನು ಅದನ್ನು ಉಳುತ್ತಾನೆ. ಎಕರೆಗೆ ಎಂಟು ಚೀಲ ಬರುತ್ತಿದ್ದ ಸೋಯಾ ಆರಕ್ಕೆ, ಐದಕ್ಕೆ ಇಳಿಯಿತು. ಮಳೆ ಸರಿಯಾಗಿ ಬಂದ ವರ್ಷವೂ ಹಾಗೆಯೇ ಆಯಿತು. "ಅಣ್ಣಾ, ನೆಲಕ್ಕ ಏನಾಗ್ಯಾದೋ ತಿಳೀವಲ್ದು" ಎಂದು ಅವನು ಹೇಳಿದಾಗಲೆಲ್ಲ ನಾನು ಕೊಟ್ಟ ಉತ್ತರ ಒಂದೇ: "ಇನ್ನೊಂದು ಚೀಲ ಡಿಎಪಿ ಹಾಕು." ಆ ಚೀಲದ ಹಣವನ್ನು ಅಂಗಡಿಯಿಂದ ಉದ್ರಿ ಕೊಡಿಸಿದವನೂ ನಾನೇ, ಅವನ ಖಾತೆಗೆ ಬರೆದವನೂ ನಾನೇ. ಸಾಲ ಏರಿತು, ಬೆಳೆ ಇಳಿಯಿತು. ಕೊನೆಗೊಂದು ದಿನ ಅವನು ಹೊಲವನ್ನು ಲಾವಣಿಗೆ ಕೊಟ್ಟು ಹೈದರಾಬಾದಿಗೆ ಕೂಲಿಗೆ ಹೋಗುವೆನೆಂದನು. ಅವ್ವನು ಅಂದು ಊಟ ಮಾಡಲಿಲ್ಲ.

ಮಣ್ಣು ಪರೀಕ್ಷೆ ಮಾಡಿಸೋಣವೆಂದು ನಾನು ಹೇಳಿದ್ದು ಆಗ. ತಮ್ಮನು ಉತ್ಸಾಹದಿಂದ ಬದುವಿನ ಬದಿಯ ಮಣ್ಣನ್ನು ಯೂರಿಯಾದ ಖಾಲಿ ಚೀಲದಲ್ಲಿ ತುಂಬಿ ತಂದನು! ರೈತ ಸಂಪರ್ಕ ಕೇಂದ್ರದವರು ನಕ್ಕು ಹಿಂದಕ್ಕೆ ಕಳಿಸಿದರು. ಗೊಬ್ಬರದ ಚೀಲದಲ್ಲಿ ತಂದ ಮಣ್ಣು ಗೊಬ್ಬರದ ಸುದ್ದಿಯನ್ನೇ ಹೇಳೀತು. ಸುಗ್ಗಿ ಮುಗಿದ ಮೇಲೆ, ಗೊಬ್ಬರ ಹಾಕುವ ಮುನ್ನ ಮಾದರಿ ತೆಗೆಯಬೇಕು. ಬದು, ತಿಪ್ಪೆ, ಮರದ ನೆರಳು ಬಿಟ್ಟು ಹೊಲದ ಹತ್ತಾರು ಕಡೆ ಆರು ಇಂಚು ಆಳದ ತಗ್ಗು ತೋಡಿ, ಅದರ ಬದಿಯನ್ನು ಮೇಲಿನಿಂದ ಕೆಳಗಿನವರೆಗೆ ಕೆತ್ತಿ ತೆಗೆದು ಎಲ್ಲವನ್ನೂ ಬೆರೆಸಬೇಕು. ರಾಶಿಯನ್ನು ನಾಲ್ಕು ಭಾಗ ಮಾಡಿ ಎದುರುಬದುರಿನ ಎರಡನ್ನು ಬಿಡುತ್ತ, ಕೊನೆಗೆ ಅರ್ಧ ಕಿಲೋ ಉಳಿಸಿ ನೆರಳಿನಲ್ಲಿ ಒಣಗಿಸಬೇಕು. ಅವ್ವನು ತನ್ನ ಹಳೆಯ ಸೀರೆಯ ತುಂಡಿನಿಂದ ಒಂದು ಚೀಲ ಹೊಲಿದುಕೊಟ್ಟಳು.

ನಮ್ಮ ಮನೆಯಲ್ಲಿ ಮೊದಲೇ ಒಂದು ಮಣ್ಣು ಆರೋಗ್ಯ ಚೀಟಿ ಇತ್ತೆಂಬುದನ್ನೂ ಹೇಳಬೇಕು. ಕೇಂದ್ರ ಸರ್ಕಾರವು ಆ ಯೋಜನೆಯನ್ನು 2015ರ ಫೆಬ್ರವರಿ 19ರಂದು ರಾಜಸ್ಥಾನದ ಸೂರತ್‌ಗಢದಲ್ಲಿ ಆರಂಭಿಸಿತು. ಮೊದಲ ಸುತ್ತಿನಲ್ಲಿ ಮಳೆಯಾಶ್ರಿತ ಭೂಮಿಯಲ್ಲಿ 10 ಹೆಕ್ಟೇರಿಗೆ ಒಂದರಂತೆ ಮಾದರಿ ತೆಗೆಯಲಾಯಿತು. ಅಂದರೆ ಇಪ್ಪತ್ತೈದು ಎಕರೆಗೆ ಒಂದೇ ಹಿಡಿ ಮಣ್ಣು. ನಮ್ಮ ಚೀಟಿಯಲ್ಲಿದ್ದುದು ಬಹುಶಃ ನೆರೆಯವನ ಹೊಲದ ಗುಣ. ಆದರೆ ಅದನ್ನೂ ನಾವು ಓದಿರಲಿಲ್ಲ, ದೇವರ ಗೂಡಿನ ಹಿಂದೆ ಸಿಕ್ಕಿಸಿಟ್ಟಿದ್ದೆವು.

ಈ ಸಲದ ಫಲಿತಾಂಶ ನನ್ನನ್ನು ನಾಚಿಸಿತು. ರಂಜಕ ಬೇಕಾದಷ್ಟಿತ್ತು. ಅದು ನಾನು ಉದ್ರಿ ಕೊಡಿಸಿದ ಡಿಎಪಿಯ ಫಲ. ಸಾವಯವ ಇಂಗಾಲವು ಅರ್ಧ ಪ್ರತಿಶತಕ್ಕಿಂತ ಕೆಳಗಿತ್ತು. ಗಂಧಕ, ಸತುವು ಎರಡೂ ಕೊರತೆ. ಇದು ನಮ್ಮೊಬ್ಬರ ಹೊಲದ ಕಥೆಯೂ ಅಲ್ಲ. 2009ರಲ್ಲಿ ರಾಜ್ಯ ಕೃಷಿ ಇಲಾಖೆಯು, ನಾವು ಹೈದರಾಬಾದಿಗೆ ಹೋಗುವ ದಾರಿಯಲ್ಲೇ ಇರುವ ಪಟಾಂಚೆರುವಿನ ಇಕ್ರಿಸ್ಯಾಟ್ ಸಂಸ್ಥೆಯೊಡನೆ ಕೈಗೊಂಡ 'ಭೂಚೇತನ' ಕಾರ್ಯಕ್ರಮದಲ್ಲಿಯೂ ರಾಜ್ಯದ ಒಣಭೂಮಿಗಳಲ್ಲಿ ಗಂಧಕ, ಸತುವು, ಬೋರಾನ್‌ಗಳ ಕೊರತೆ ವ್ಯಾಪಕವಾಗಿ ಕಂಡುಬಂದಿತ್ತು.

ತಂದೆಯವರ ಕಾಲದಲ್ಲಿ ಹೊಲಕ್ಕೆ ಸೂಪರ್ ಫಾಸ್ಫೇಟ್ ಹಾಕುತ್ತಿದ್ದರು. ಅದರಲ್ಲಿ ರಂಜಕದೊಡನೆ ಪ್ರತಿಶತ 11ರಷ್ಟು ಗಂಧಕವೂ ಇರುತ್ತದೆ. ಡಿಎಪಿಯಲ್ಲಿ 18 ಭಾಗ ಸಾರಜನಕ, 46 ಭಾಗ ರಂಜಕ ಉಂಟು, ಗಂಧಕವಿಲ್ಲ. ಕಡಿಮೆ ಚೀಲದಲ್ಲಿ ಹೆಚ್ಚು ಸತ್ತ್ವವೆಂದು ನಾವು ಹಿಗ್ಗಿದೆವು, ಕೈಬಿಟ್ಟುಹೋದುದನ್ನು ಗಮನಿಸಲಿಲ್ಲ. ಎತ್ತುಗಳ ಸ್ಥಾನಕ್ಕೆ ಟ್ರ್ಯಾಕ್ಟರ್ ಬಂದಿತು, ತಿಪ್ಪೆ ಬರಿದಾಯಿತು. ಹೆಸರು ಕಿತ್ತು ಹಿಂಗಾರಿ ಜೋಳ ಬಿತ್ತುತ್ತಿದ್ದ ಪದ್ಧತಿ ಹೋಗಿ ವರ್ಷ ವರ್ಷವೂ ಸೋಯಾ ಬಂದಿತು. ಅದರ ಹೊಟ್ಟಿಗೆ ಹೊಲದಲ್ಲೇ ಬೆಂಕಿ!

ಲೆಕ್ಕದವನಾದ್ದರಿಂದ ಒಂದು ರಾತ್ರಿ ಲೆಕ್ಕ ಹಾಕಿದೆನು. ಒಂದು ಕ್ವಿಂಟಲ್ ಸೋಯಾದಲ್ಲಿ ಸುಮಾರು 40 ಕಿಲೋ ಪ್ರೋಟೀನ್, ಅದರೊಳಗೆ 6 ಕಿಲೋಗಿಂತ ಹೆಚ್ಚು ಸಾರಜನಕ. ಇದರಲ್ಲಿ ಬಹುಪಾಲನ್ನು ಬೇರಿನ ಗಂಟುಗಳು ಗಾಳಿಯಿಂದ ಹಿಡಿದು ತಂದಾವು. ಆದರೆ ರಂಜಕ, ಗಂಧಕ, ಸತುವು ಗಾಳಿಯಿಂದ ಬರುವುದಿಲ್ಲ. ಅವು ನೆಲದ ಗಂಟು. ಲಾರಿ ತುಂಬಿ ಗಂಜದ ಬಾಗಿಲು ದಾಟುವಾಗ ಆ ಗಂಟೂ ದಾಟುತ್ತದೆ. ಅಡತಿ, ಹಮಾಲಿ, ತೂಕದ ಕೂಲಿ ಎಲ್ಲಕ್ಕೂ ನನ್ನ ಪಟ್ಟಿಯಲ್ಲಿ ಕಲಮುಗಳಿವೆ. ನೆಲಕ್ಕೆ ಸಲ್ಲಬೇಕಾದ ಬಾಕಿಗೆ ಒಂದು ಕಲಮನ್ನೂ ನಾನು ಎಂದೂ ಬರೆದಿರಲಿಲ್ಲ.

ಆ ವರ್ಷದ ಎಳ್ಳಮಾವಾಸ್ಯೆಗೆ ಎಲ್ಲರೂ ಹೊಲಕ್ಕೆ ಹೋದೆವು. ಭಜ್ಜಿ, ಅಂಬಲಿ, ಸಜ್ಜೆ ರೊಟ್ಟಿ ಎಲ್ಲವೂ ಇದ್ದವು. ಚರಗ ಚೆಲ್ಲಿ ಬಂದ ಅವ್ವನು ತಮ್ಮನಿಗೆ ಇಷ್ಟೇ ಹೇಳಿದಳು: "ವರ್ಷಕ್ಕೊಮ್ಮಿ ಉಣಸ್ತೀವಿ ತಮ್ಮಾ. ಉಳಿದ ದಿನ ಅದು ಏನ ಉಣಬೇಕು?" ಅವನು ಉತ್ತರ ಕೊಡಲಿಲ್ಲ. ಆದರೆ ಲಾವಣಿಯ ಮಾತನ್ನು ಒಂದು ವರ್ಷಕ್ಕೆ ಮುಂದೂಡಿದನು.

ನಾಲ್ಕೂ ಎಕರೆಯ ಮೇಲೆ ಪ್ರಯೋಗ ಮಾಡಲು ಅವನಿಗೆ ಧೈರ್ಯವಿರಲಿಲ್ಲ, ಅದು ತಪ್ಪೂ ಅಲ್ಲ. ಒಂದೇ ಎಕರೆಗೆ ನೆರೆಯವರಿಂದ ಕೊಂಡ ತಿಪ್ಪೆಗೊಬ್ಬರ ಹಾಕಿದೆವು. ಡಿಎಪಿ ಬಿಟ್ಟು ಸೂಪರ್ ಫಾಸ್ಫೇಟನ್ನೂ, ಅದರೊಡನೆ ಬೆರೆಸದೆ ಬೇರೆಯಾಗಿ ಸತುವಿನ ಸಲ್ಫೇಟನ್ನೂ ಕೊಟ್ಟೆವು. ಸೋಯಾ ಸಾಲುಗಳ ನಡುವೆ ತೊಗರಿ ಹಾಕಿದೆವು, ಅದರ ಎಲೆ ನೆಲಕ್ಕೇ ಉದುರಲೆಂದು. ಹೊಟ್ಟು ಸುಡಲಿಲ್ಲ. ಆ ಎಕರೆಯಲ್ಲಿ ಸೋಯಾ ಆರೂವರೆ ಚೀಲವಾಯಿತು, ಉಳಿದ ಮೂರರಲ್ಲಿ ಐದೈದು. ದೊಡ್ಡ ಪವಾಡವೇನಲ್ಲ. ಸಾಲ ಇನ್ನೂ ಇದೆ. ಇಂಗಾಲ ಏರಲು ವರ್ಷಗಳೇ ಬೇಕೆಂದು ಕೃಷಿ ವಿಜ್ಞಾನ ಕೇಂದ್ರದವರು ಮೊದಲೇ ಎಚ್ಚರಿಸಿದ್ದಾರೆ.

ಮೊನ್ನೆ ಬೇಸಿಗೆಯಲ್ಲಿ ತಮ್ಮನು ಅದೇ ಸೀರೆಯ ಚೀಲದಲ್ಲಿ ಎರಡನೆಯ ಮಾದರಿ ತಂದು ನನ್ನ ಮೇಜಿನ ಮೇಲೆ, ಕಾಳಿನ ಮಾದರಿಗಳ ಸಾಲಿನಲ್ಲಿಟ್ಟನು. ಹಿರಿಯ ಹಮಾಲನೊಬ್ಬನು ಹೊಸ ಮಾಲೆಂದು ಬಗೆದು ಕೈಹಾಕಿ ಒಂದು ಹಿಡಿ ಎತ್ತಿದನು. ಅಂಗೈ ನೋಡಿ, ನನ್ನ ಮುಖ ನೋಡಿ, ಮೂಗಿನ ಬಳಿ ಹಿಡಿದು ವಾಸನೆ ಕಂಡನು. "ಎಲ್ಲಿ ಹೊಲದ್ದರೀ ಇದು?" ಎಂದನು. ಹೇಳಿದೆನು. ಅವನು ಒಂದು ಕಣವೂ ಕೆಳಗೆ ಬೀಳದಂತೆ ಅದನ್ನು ಮರಳಿ ಚೀಲಕ್ಕೆ ಸುರಿದು, ಬಾಯಿ ಕಟ್ಟಿ, ಮೇಜಿನ ಒಳಬದಿಗೆ ಸರಿಸಿಟ್ಟನು.