ಮಾರೋದು ಯಾವುದು, ಇಟ್ಕೊಳ್ಳೋದು ಯಾವುದು?

ಹಾಸ್ಟೆಲ್ ರೂಮ್ ಖಾಲಿ ಮಾಡೋಕೆ ಎಂಟೇ ದಿನ ಉಳಿದಿತ್ತು. ಮಂಚದ ಕೆಳಗಿಂದ ನಾವು ನಾಲ್ವರು ಎಳೆದು ಹಾಕಿದ್ದು ಇಷ್ಟು: ಮೂರು ಮೆಟಲ್ ಡಿಟೆಕ್ಟರ್, ಐದು ಕಾಯಿಲ್, ಎರಡು ಹೆಡ್‌ಫೋನ್, ಒಂದು ಪಿನ್‌ಪಾಯಿಂಟರ್, ಲೆಕ್ಕವಿಲ್ಲದಷ್ಟು ಪಿವಿಸಿ ಪೈಪಿನ ತುಂಡು. ಮನೆಗೆ ಒಯ್ದರೆ ಅಮ್ಮಂದಿರು ಗುಜರಿಯವನಿಗೆ ಹಾಕೋದು ಗ್ಯಾರಂಟಿ.

ಮೊದಲನೆಯದು ಮೂರನೇ ಸೆಮಿಸ್ಟರ್‌ನಲ್ಲಿ ಮಾಡಿದ ಬಿಎಫ್‌ಒ. ಎರಡು ಆಸಿಲೇಟರ್‌ಗಳ ಫ್ರೀಕ್ವೆನ್ಸಿ ವ್ಯತ್ಯಾಸವನ್ನ ಕಿವಿಗೆ ಕೇಳಿಸೋದಷ್ಟೇ ಅದರ ಕೆಲಸ. ಬಿಸಿಲು ಏರಿದ ಹಾಗೆ ಅದರ ಸ್ವರಾನೂ ಬದಲಾಗ್ತಿತ್ತು. ಎರಡನೆಯದು ಪಲ್ಸ್ ಇಂಡಕ್ಷನ್, ನಮ್ಮ ಫೈನಲ್ ಇಯರ್ ಪ್ರಾಜೆಕ್ಟ್. ಕಾಯಿಲ್‌ಗೆ ಕರೆಂಟ್ ಕೊಟ್ಟು ತಟ್ಟನೆ ನಿಲ್ಲಿಸಿ, ಕೆಲವು ಮೈಕ್ರೋಸೆಕೆಂಡ್ ಬಿಟ್ಟು, ಲೋಹದಲ್ಲಿ ಎಡ್ಡಿ ಕರೆಂಟ್ ಇನ್ನೂ ಉಳಿದಿದೆಯಾ ಅಂತ ನೋಡುತ್ತೆ. ಮೂರನೆಯದು ವಿಎಲ್‌ಎಫ್, ರೀಡಿಂಗ್ ಹೋಲಿಸೋಕೆ ಅಂತ ಸೆಕೆಂಡ್ ಹ್ಯಾಂಡ್‌ನಲ್ಲಿ 9,000 ಕೊಟ್ಟು ತಂದ ಕಂಪನಿ ಮಾಲು. ಆ ದುಡ್ಡು ನಮ್ಮಲ್ಲೊಬ್ಬನದು. ಅವನ ಅಪ್ಪ ಕೈಸಾಲ ಮಾಡಿ ಕಳಿಸಿದ್ದ ಫೀಸಿನ ದುಡ್ಡು. "ಆಮೇಲೆ ಕೊಡ್ರೋ" ಅಂದಿದ್ದ. ಆ 'ಆಮೇಲೆ' ಈಗ ಬಂದಿತ್ತು.

ಹಾಗಾದ್ರೆ ವಿಎಲ್‌ಎಫ್ ಮಾರಿದ್ರೆ ಮುಗೀತಲ್ಲ ಅಂತೀರಿ. ಆದ್ರೆ ಮೆಸ್ಸಿನ ಅಕ್ಕನ ಓಲೆ ಹುಡುಕಿಕೊಟ್ಟಿದ್ದು ಅದೇ. ಪಾತ್ರೆ ತೊಳೆಯೋ ಜಾಗದ ಹಿಂದೆ, ಕೆಸರಿನಲ್ಲಿ ಅವರ ಒಂದು ಓಲೆ ಬಿದ್ದುಹೋಗಿತ್ತು. ಮೊದಲು ನಮ್ಮ ಪಲ್ಸ್ ಇಂಡಕ್ಷನ್ ಅನ್ನೇ ಜಂಬದಿಂದ ಒಯ್ದಿದ್ವಿ. ಅದಕ್ಕಿದ್ದದ್ದು ದೊಡ್ಡ ಕಾಯಿಲ್; ಆಳಕ್ಕೆ ಹೋಗುತ್ತೆ, ಸಣ್ಣ ವಸ್ತು ಬಿಟ್ಟುಬಿಡುತ್ತೆ. ಸಿಕ್ಕಿದ್ದೆಲ್ಲಾ ಮೊಳೆ, ಸೋಡಾ ಮುಚ್ಚಳ. 1881ರಲ್ಲಿ ಗ್ರಹಾಂ ಬೆಲ್ ಕೂಡ ಅಮೆರಿಕದ ಅಧ್ಯಕ್ಷ ಗಾರ್ಫೀಲ್ಡ್ ಮೈಯಲ್ಲಿದ್ದ ಗುಂಡು ಹುಡುಕೋಕೆ ಹೋಗಿ ಸೋತಿದ್ದ ಅಂತ ಸಮಾಧಾನ ಮಾಡ್ಕೊಂಡ್ವಿ. ಆಮೇಲೆ ವಿಎಲ್‌ಎಫ್‌ಗೆ ಸಣ್ಣ ಕಾಯಿಲ್ ಹಾಕಿ ಅರ್ಧ ಗಂಟೆ ಆಡಿಸಿದಾಗ ಓಲೆ ಸಿಕ್ತು. ಅಕ್ಕ ಏನೂ ಮಾತಾಡಲಿಲ್ಲ, ಸೆರಗಲ್ಲಿ ಒರೆಸಿ ಅಲ್ಲೇ ಹಾಕ್ಕೊಂಡ್ರು. ರಾತ್ರಿ ನಮ್ಮ ತಟ್ಟೆಗೆ ಮಾತ್ರ ಎರಡೆರಡು ಮೊಟ್ಟೆ.

ಗಿರಾಕಿಗಳು ಇಬ್ಬರು ಬಂದ್ರು. ಒಬ್ಬರು ಸಾಮಿಲ್‌ನವರು. ದಿಮ್ಮಿಯೊಳಗೆ ಮೊಳೆ ಇದ್ರೆ ಗರಗಸದ ಹಲ್ಲು ಹೋಗುತ್ತಲ್ಲ, ಅದಕ್ಕೆ ಬೇಕಿತ್ತು. ವಿಎಲ್‌ಎಫ್, ಪಿನ್‌ಪಾಯಿಂಟರ್ ಎರಡಕ್ಕೂ ಸೇರಿ 7,500 ಅಂದ್ರು. ಇನ್ನೊಬ್ಬ ವಿಎಲ್‌ಎಫ್ ಒಂದಕ್ಕೇ 12,000 ಅಂದ. ಯಾತಕ್ಕೆ ಅಂತ ಕೇಳಿದ್ವಿ. "ಊರಾಚೆ ಒಂದು ಪಾಳು ಗುಡಿ ಇದೆ" ಅಂತ ನಕ್ಕ.

ಆ ರಾತ್ರಿ ಜಗಳಾನೇ ಆಯ್ತು. ಅವನು ಏನು ಮಾಡ್ತಾನೋ ನಮಗೇನು, ಸಾಲ ತೀರಿ ಮೂರು ಸಾವಿರ ಉಳಿಯುತ್ತೆ ಅಂತ ಒಂದು ವಾದ. 1878ರ ಕಾಯ್ದೆ ಪ್ರಕಾರ ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯ ನಿಧಿ ಸಿಕ್ಕಿದ್ರೆ ಕಲೆಕ್ಟರ್‌ಗೆ ತಿಳಿಸಲೇಬೇಕು, ಅವನು ತಿಳಿಸೋ ಪೈಕಿ ಕಾಣಲ್ಲ ಅಂತ ಇನ್ನೊಂದು. ಕೊನೆಗೆ ಮಾತಾಡಿದ್ದು ದುಡ್ಡು ಬರಬೇಕಾದವನೇ. "ಗರ್ಭಗುಡಿ ಅಗೆದು ಬಂದ ದುಡ್ಡಲ್ಲಿ ನಮ್ಮಪ್ಪನ ಸಾಲ ತೀರೋದು ಬೇಡ ಮಗಾ." ಅಲ್ಲಿಗೆ ಎಲ್ಲರೂ ಸುಮ್ಮನಾದ್ವಿ.

ವಿಎಲ್‌ಎಫ್, ಪಿನ್‌ಪಾಯಿಂಟರ್ ಸಾಮಿಲ್‌ಗೆ ಹೋದವು. ಉಳಿದ 1,500ನ್ನ ಮಿಕ್ಕ ಮೂವರು ತಲಾ ಐನೂರು ಹಾಕಿ ತುಂಬಿದ್ವಿ. ಬಿಎಫ್‌ಒ, ಹೆಡ್‌ಫೋನ್ ಜೂನಿಯರ್‌ಗಳಿಗೆ ಪುಕ್ಕಟೆ. ಬಿಚ್ಚಿ ಕಲಿಯೋಕೆ ಅದಕ್ಕಿಂತ ಸರಳವಾದದ್ದು ಇಲ್ಲ. ಪಲ್ಸ್ ಇಂಡಕ್ಷನ್ ಮಾತ್ರ ಇಟ್ಕೊಂಡ್ವಿ. ಮಾರಿದ್ರೆ ಏನೂ ಬರ್ತಿರಲಿಲ್ಲ ನಿಜ, ಆದ್ರೆ ಅದರ ಒಂದೊಂದು ರೆಸಿಸ್ಟರ್ ಯಾಕೆ ಅಲ್ಲಿದೆ ಅಂತ ನಮಗೆ ಗೊತ್ತು.

ಹೊರಡೋ ಮುಂಚೆ ಅದಕ್ಕೊಂದು ಸಣ್ಣ ಕಾಯಿಲ್ ಸುತ್ತಿದ್ವಿ, ಡಿಲೇನೂ ಕಡಿಮೆ ಮಾಡಿದ್ವಿ. ಅಕ್ಕನ ಹತ್ತಿರ ಓಲೆ ಕೇಳಿ, ಮಣ್ಣಲ್ಲಿ ಮುಚ್ಚಿ ಟೆಸ್ಟ್ ಮಾಡಿದ್ವಿ. ಎರಡು ಇಂಚು ಆಳದಲ್ಲಿ ಕೂಗ್ತು.

"ಈ ಸಲ ಕಳೀಬೇಡ್ರಪ್ಪಾ" ಅಂತ ಅಕ್ಕ ಪಕ್ಕದಲ್ಲೇ ನಿಂತಿದ್ರು.