ಟೆಸ್ಟಾಚ್ಚೊದಲ್ಲಿ ವಾರದ ಊಟ

ರೋಮ್ ನಗರದ ದಕ್ಷಿಣಕ್ಕೆ, ಟೈಬರ್ ನದಿಯ ದಂಡೆಗೆ ಹೊಂದಿಕೊಂಡಿರುವ ಟೆಸ್ಟಾಚ್ಚೊ ಬಡಾವಣೆಯಲ್ಲಿ ಒಮ್ಮೆ ಉಂಡು ಮೆಚ್ಚಿದ ಹೋಟೆಲಿಗೆ ಮರಳುವವರು ಬೀದಿಯ ಹೆಸರಿನೊಡನೆ ವಾರದ ಹೆಸರನ್ನೂ ನೆನಪಿಟ್ಟುಕೊಳ್ಳಬೇಕಾಗುತ್ತದೆ. ಇಲ್ಲಿನ ತ್ರಾತ್ತೊರಿಯಾಗಳಲ್ಲಿ, ಅಂದರೆ ಹೆಚ್ಚಾಗಿ ಮನೆಮಂದಿಯೇ ಸೇರಿ ನಡೆಸುವ ಆಡಂಬರವಿಲ್ಲದ ಊಟದ ಹೋಟೆಲುಗಳಲ್ಲಿ, ಗುರುವಾರ ನ್ಯೋಕ್ಕಿ, ಶುಕ್ರವಾರ ಮೀನು, ಶನಿವಾರ ತ್ರಿಪ್ಪಾ ಎಂಬ ಹಳೆಯ ಕಟ್ಟಳೆ ಇನ್ನೂ ಪೂರ್ತಿ ಅಳಿದಿಲ್ಲ. ನ್ಯೋಕ್ಕಿ ಎಂಬುದು ಬೇಯಿಸಿದ ಆಲೂಗಡ್ಡೆಯನ್ನು ಹಿಟ್ಟಿನೊಡನೆ ನಾದಿ, ತುಂಡು ಮಾಡಿ, ಕುದಿಯುವ ನೀರಿನಲ್ಲಿ ಬೇಯಿಸಿದ ತಿನಿಸು. ತ್ರಿಪ್ಪಾ ಎಂಬುದು ದನದ ಜಠರವನ್ನು ಟೊಮೇಟೊ ರಸದಲ್ಲಿ ಬೇಯಿಸಿ, ಪುದೀನ ಜಾತಿಯ ಸೊಪ್ಪನ್ನೂ ಪೆಕೊರೀನೊ ಎಂಬ ಕುರಿಹಾಲಿನ ಚೀಸನ್ನೂ ಸೇರಿಸಿದ ಮೇಲೋಗರ. ಕ್ಯಾಥೊಲಿಕರಿಗೆ ಶುಕ್ರವಾರ ಮಾಂಸ ವರ್ಜ್ಯವಾಗಿದ್ದುದರಿಂದ, ಅದರ ಹಿಂದಿನ ದಿನವೇ ಹೊಟ್ಟೆ ಗಟ್ಟಿಮಾಡಿಕೊಳ್ಳುವ ಉಪಾಯವಾಗಿ ಗುರುವಾರದ ನ್ಯೋಕ್ಕಿ ಬಂದಿತೆಂದು ಹೇಳುವುದುಂಟು. ಪ್ರವಾಸಿಗಳ ಅನುಕೂಲಕ್ಕಾಗಿ ಅದನ್ನು ಈಗ ಏಳು ದಿನವೂ ಬಡಿಸುವ ಹೋಟೆಲುಗಳಿವೆ. ಅಲ್ಲಿಗೆ ಯಾವಾಗ ಬೇಕಾದರೂ ಹೋಗಬಹುದು, ಆದ್ದರಿಂದಲೇ ಮತ್ತೆ ಹೋಗಬೇಕೆನ್ನುವ ತವಕವೂ ಅಷ್ಟಾಗಿ ಹುಟ್ಟುವುದಿಲ್ಲ.

ತ್ರಿಪ್ಪಾದಂಥ ಇಲ್ಲಿನ ಅಡುಗೆಯ ಮೂಲ 1888ರಿಂದ 1891ರ ನಡುವೆ ಇಲ್ಲಿ ಕಟ್ಟಲಾದ ನಗರದ ಕಸಾಯಿಖಾನೆಯಲ್ಲಿದೆ. ಕಡಿದ ದನದ ನಾಲ್ಕು ಪಾಲುಗಳು ಉಳ್ಳವರ ಮನೆಗಳಿಗೆ ಹೋದರೆ, ಬಾಲ, ಕರುಳು, ನಾಲಗೆ, ಗುಂಡಿಗೆ ಮುಂತಾದ ಉಳಿಕೆಗಳು ‘ಕ್ವಿಂತೊ ಕ್ವಾರ್ತೊ’, ಅಂದರೆ ಐದನೆಯ ಕಾಲುಪಾಲು, ಎನಿಸಿಕೊಂಡು ಕೂಲಿಯ ಒಂದು ಭಾಗವಾಗಿ ಕೆಲಸಗಾರರ ಕೈಸೇರುತ್ತಿದ್ದವು. ನಾಲ್ಕು ಕಾಲುಗಳ ಮೇಲೆ ಐದನೆಯದನ್ನು ಎಣಿಸುವ ಈ ಲೆಕ್ಕ ಯಾವ ಶಾಲೆಯಲ್ಲೂ ಪಾಸಾಗದಿದ್ದರೂ ಅಡುಗೆಮನೆಯಲ್ಲಿ ಚೆನ್ನಾಗಿಯೇ ನಡೆಯಿತೆನ್ನಬೇಕು. ಕಸಾಯಿಖಾನೆಯ ಎದುರಿಗೇ ಇರುವ, 1887ರಲ್ಲಿ ದ್ರಾಕ್ಷಾರಸದ ಅಂಗಡಿಯಾಗಿ ಆರಂಭವಾದ ಚೆಕ್ಕೀನೊ ಹೋಟೆಲಿನ ಹೆಸರು ‘ಕೋದಾ ಅಲ್ಲಾ ವಾಚ್ಚಿನಾರಾ’ ಎಂಬ ಖಾದ್ಯದೊಡನೆ, ಅಂದರೆ ಟೊಮೇಟೊ, ಸೆಲರಿಗಳೊಡನೆ ಗಂಟೆಗಟ್ಟಲೆ ಬೇಯಿಸಿದ ದನದ ಬಾಲದೊಡನೆ, ಬೆಸೆದುಕೊಂಡಿದೆ. ಅದರ ನೆಲಮಾಳಿಗೆಯನ್ನು ಕೊರೆದಿರುವುದು ಮೋಂತೆ ಟೆಸ್ಟಾಚ್ಚೊ ಎಂಬ ಗುಡ್ಡದೊಳಕ್ಕೆ. ಆ ಗುಡ್ಡವೋ ಪ್ರಾಚೀನ ರೋಮಿಗೆ ಆಲಿವ್ ಎಣ್ಣೆ ತುಂಬಿ ತಂದ ಮಣ್ಣಿನ ಕೊಡಗಳ ಚೂರುಗಳು ಬಿದ್ದು ಬಿದ್ದು ಬೆಳೆದದ್ದು, ಮತ್ತು ಆ ಚೂರುಗಳ ಸಂದಿನಲ್ಲಿ ಗಾಳಿಯಾಡುವುದರಿಂದ ಒಳಗೆ ಬೇಸಿಗೆಯಲ್ಲೂ ತಂಪಿರುತ್ತದೆ.

ಮಾಂಸ ತಿನ್ನದ ಕನ್ನಡಿಗರು ಇಂಥ ಬಡಾವಣೆಯಲ್ಲಿ ಮೆಣಸುಪುಡಿ ಮತ್ತು ಪೆಕೊರೀನೊ ಮಾತ್ರ ಹಾಕಿದ ‘ಕಾಚೊ ಎ ಪೇಪೆ’ ಶಾವಿಗೆಯನ್ನು ನೆಚ್ಚಿಕೊಳ್ಳುವುದು ಸಹಜವೇ. ಆದರೆ ಆ ಚೀಸಿನ ಹಾಲನ್ನು ಒಡೆಯಿಸಲು ಕುರಿಮರಿಯ ಜಠರದಿಂದ ತೆಗೆದ ಹೆಪ್ಪನ್ನು ಬಳಸುತ್ತಾರೆಂಬುದನ್ನು ಕಟ್ಟಾ ಸಸ್ಯಾಹಾರಿಗಳು ಊಟಕ್ಕೆ ಮೊದಲೇ ತಿಳಿದಿರುವುದು ಒಳ್ಳೆಯದು.

ಕಸಾಯಿಖಾನೆ 1975ರಲ್ಲಿ ಮುಚ್ಚಿ, ಅದರ ಕಟ್ಟಡಗಳಲ್ಲಿ ಈಗ ಕಲಾಪ್ರದರ್ಶನಗಳೂ ವಾಸ್ತುಶಿಲ್ಪದ ತರಗತಿಗಳೂ ನಡೆಯುತ್ತಿದ್ದರೂ, ಕೂಲಿಗಾರರ ಊಟ ಮಾತ್ರ ಮೇಜಿನ ಮೇಲೆ ಉಳಿದುಕೊಂಡಿದೆ. ಇಲ್ಲಿ ಗಿರಾಕಿಗಳಷ್ಟೇ ಅಲ್ಲ, ಖಾದ್ಯವೂ ಮರಳಿ ಬಂದದ್ದುಂಟು. ಹಾಲುಗರುವಿನ ಕರುಳನ್ನು ಅದರೊಳಗಿನ ಹಾಲಿನೊಡನೆಯೇ ಬೇಯಿಸಿ, ರಿಗತೋನಿ ಎಂಬ ಕೊಳವೆಯಾಕಾರದ ಪಾಸ್ತಾಕ್ಕೆ ಕಲಸುವ ‘ಪಯಾತಾ’ವು ದನಗಳ ಮಿದುಳುರೋಗದ ಭೀತಿಯಿಂದ 2001ರಲ್ಲಿ ನಿಷೇಧಕ್ಕೊಳಗಾಗಿ, ಕುರಿಮರಿಯ ಕರುಳು ಅದರ ಸ್ಥಾನವನ್ನು ತುಂಬುತ್ತಿದ್ದ ಹಲವು ವರ್ಷಗಳ ಬಳಿಕ, 2015ರಲ್ಲಿ ಐರೋಪ್ಯ ಒಕ್ಕೂಟ ನಿರ್ಬಂಧವನ್ನು ಸಡಿಲಿಸಿದ ಮೇಲೆ, ರೋಮಿನ ಹೋಟೆಲುಗಳ ಪಟ್ಟಿಯಲ್ಲಿ ಮತ್ತೆ ಕಾಣಿಸಿಕೊಂಡಿತು.