ಉಪ್ಪು ತಿಂದ ಗಾಡಿ

ನಾನು ಹುಟ್ಟಿದುದು ಸೊರಬದ ಸೀಮೆಯಲ್ಲಿ; ಸಂಸಾರ ಹೂಡಿದುದು ಶಿಕಾರಿಪುರದಲ್ಲಿ. ಈ ಎರಡು ಕಡೆಗಳಲ್ಲಿಯೂ ದೀಪಾವಳಿಯೆಂದರೆ ಮೊದಲು ಎತ್ತು ಹೋರಿಗಳ ಹಬ್ಬ, ಆಮೇಲೆ ಮನುಷ್ಯರದು. ನನ್ನ ಬಾಲ್ಯದಲ್ಲಿ ತಂದೆಯವರು ನಸುಕಿನಲ್ಲಿಯೇ ಎತ್ತುಗಳನ್ನು ಕೆರೆಗಿಳಿಸಿ, ಹುಲ್ಲಿನ ಸಿಂಬಿಯಿಂದ ಗೊರಸಿನ ಸಂದಿಯನ್ನೂ ಬಿಡದೆ ಉಜ್ಜಿ ತೊಳೆಯುತ್ತಿದ್ದರು. ದುಡಿದ ಮೈಯನ್ನು ಕೊಳೆಯಾಗಿ ಬಿಡುವುದು ಅವರ ಪಾಲಿಗೆ ಪಾಪಕಾರ್ಯವಾಗಿದ್ದಿತು. ಕಾಲಾಂತರದಲ್ಲಿ ಕೊಟ್ಟಿಗೆ ಬರಿದಾಗಿ ಅಂಗಳಕ್ಕೆ ಕಾರು ಬಂದಿತು. ಕೈಯ ಅಭ್ಯಾಸ ಮಾತ್ರ ಹೋಗಲಿಲ್ಲ. ಮಳೆಗಾಲದ ಕೆಮ್ಮಣ್ಣು ಹತ್ತಿದ ಗಾಡಿಯನ್ನು ಕಂಡರೆ ನನಗೆ ಈಗಲೂ ಊಟ ಸೇರದು.

ಈ ಅಭ್ಯಾಸವನ್ನು ನಾನು ಕೆನಡಾ ದೇಶಕ್ಕೂ ಹೊತ್ತುಕೊಂಡು ಹೋದೆನು. ಮಗನು ಟೊರೊಂಟೊ ನಗರದಲ್ಲಿದ್ದಾನೆ. ನಾವಿಬ್ಬರು ಅಲ್ಲಿಗೆ ಹೋದುದು ಜನವರಿ ತಿಂಗಳಿನಲ್ಲಿ. ಹಿಮ ಬಿದ್ದ ಬೀದಿಗಳಿಗೆ ದೊಡ್ಡ ದೊಡ್ಡ ಲಾರಿಗಳು ಉಪ್ಪನ್ನು ಎರಚುತ್ತ ಹೋಗುವುದನ್ನು ನೋಡಿ ನನ್ನ ಹೆಂಡತಿ ಬೆರಗಾದಳು. 1930ರಲ್ಲಿ ನಮ್ಮ ಅಂಕೋಲೆಯ ಜನರು ಉಪ್ಪಿಗಾಗಿ ಸತ್ಯಾಗ್ರಹ ಹೂಡಿದರು. ಇಲ್ಲಿ ಅದೇ ಉಪ್ಪು ಕಾಲಡಿಯಲ್ಲಿ! ಮಗನು ಇದರ ಮರ್ಮವನ್ನು ಬಿಡಿಸಿ ಹೇಳಿದನು. ಬರಿಯ ನೀರು ಸೊನ್ನೆ ಡಿಗ್ರಿಯಲ್ಲಿ ಹೆಪ್ಪುಗಟ್ಟುವುದು. ಉಪ್ಪು ಕರಗಿದ ನೀರು ಅದಕ್ಕಿಂತ ಕೆಳಗೂ ನೀರಾಗಿಯೇ ಉಳಿಯುವುದು. ಚಳಿಯು ಸೊನ್ನೆಗಿಂತ 10 ಡಿಗ್ರಿಯಷ್ಟು ಕೆಳಗಿಳಿದರೆ ಉಪ್ಪಿನ ಕೈಯೂ ಸೋಲತೊಡಗುವುದು.

ಆದರೆ ರಸ್ತೆಯನ್ನು ಕಾಯುವ ಉಪ್ಪು ಗಾಡಿಯನ್ನು ತಿನ್ನುತ್ತದೆ. ಉಪ್ಪಿನ ಮರಿಗೆಯಲ್ಲಿ ಕಬ್ಬಿಣದ ಸೌಟನ್ನು ಮರೆತುಬಿಟ್ಟರೆ ನಮ್ಮ ತಾಯಿ ಗದರುತ್ತಿದ್ದುದು ನೆನಪಾಯಿತು. ಮಗನ ಕಾರು ಚಕ್ರದಿಂದ ಬಾಗಿಲವರೆಗೆ ಸುಣ್ಣ ಬಳಿದಂತೆ ಬೆಳ್ಳಗಾಗಿದ್ದಿತು. ಉಪ್ಪು ತಿಂದವನು ನೀರು ಕುಡಿಯಲೇಬೇಕಲ್ಲವೆ? ಒಂದು ದಿನ ಮಗನು ರೈಲಿನಲ್ಲಿ ಕಚೇರಿಗೆ ಹೋಗಿದ್ದನು. ಬಿಸಿಲು ಚೆನ್ನಾಗಿ ಬಿದ್ದಿದ್ದಿತು. ನಾನು ಬಿಸಿನೀರಿನ ಬಕೆಟ್ಟುಗಳನ್ನು ಹೊರಗೆ ಸಾಗಿಸಿ ಕಾರನ್ನು ತೊಳೆದು, ಒಳಗೆ ಬಂದು ಹೆಮ್ಮೆಯಿಂದ ಕಾಫಿ ಕುಡಿಯುತ್ತ ಕಿಟಕಿಯ ಬಳಿ ಕುಳಿತೆನು.

ತೊಳೆದ ನೀರು ಇಳಿಜಾರಿನಲ್ಲಿ ಹರಿದು ಕಾಲುದಾರಿಯನ್ನು ಸೇರಿದ್ದಿತು. ನಮ್ಮ ಬಿಸಿಲನ್ನು ನಂಬಿದಂತೆ ಆ ದೇಶದ ಬಿಸಿಲನ್ನು ನಂಬಲಾಗದೆಂಬುದು ನನಗೆ ತಿಳಿಯದು. ಸ್ವಲ್ಪ ಹೊತ್ತಿನಲ್ಲಿಯೇ ಆ ನೀರು ಕಣ್ಣಿಗೆ ಕಾಣದ ಗಾಜಾಯಿತು. ನೆರೆಮನೆಯ ವೃದ್ಧೆಯೊಬ್ಬಳು ನಾಯಿಯೊಡನೆ ಬರುತ್ತಿದ್ದವಳು ನನ್ನ ಕಣ್ಣೆದುರಿಗೇ ಜಾರಿ ಬಿದ್ದಳು. ಮಣಿಕಟ್ಟಿನ ಮೂಳೆ ಮುರಿಯಿತು. ಆಕೆಯು ಒಂದು ಕಟುನುಡಿಯನ್ನೂ ಆಡಲಿಲ್ಲ. ಸಂಜೆ ಬಂದ ಮಗನೂ ಆಡಲಿಲ್ಲ. ಆಡಿದ್ದರೆ ನನಗೆ ಹಗುರವಾಗುತ್ತಿದ್ದಿತು.

ಮುಂದೆ ಚಳಿ ಸೊನ್ನೆಯಿಂದ ಮೇಲೇರಿದ ಒಂದು ಮಧ್ಯಾಹ್ನ ಮಗನು ನನ್ನನ್ನು ಗಾಡಿ ತೊಳೆಯುವ ಕಟ್ಟಡಕ್ಕೆ ಕರೆದೊಯ್ದನು. ಅಲ್ಲಿ ನೀರು ಬೀದಿಗೆ ಹರಿಯದೆ ನೆಲದೊಳಗಿನ ಚರಂಡಿಗೆ ಇಳಿಯುವುದು. ಉಜ್ಜುವ ಮೊದಲು ಧಾರಾಳವಾಗಿ ನೀರು ಹಾಯಿಸಬೇಕು. ಇಲ್ಲವಾದರೆ ಉಪ್ಪೂ ಮರಳೂ ಸೇರಿ ಬಣ್ಣವನ್ನು ಗೀರುವುವು. ಕಣ್ಣಿಗೆ ಬೀಳುವ ಮೈಗಿಂತ ಕಾಣದ ಹೊಟ್ಟೆಯಡಿ, ಚಕ್ರದ ಗೂಡು, ಇವುಗಳಿಗೆ ಹೆಚ್ಚಿನ ನೀರು ಸಲ್ಲಬೇಕು: ತಂದೆಯವರ ಗೊರಸಿನ ಸಂದಿಯೇ ಸರಿ. ತಣ್ಣಗೆ ಕೊರೆಯುವ ಗಾಜಿಗೆ ಕುದಿನೀರು ಹೊಯ್ದರೆ ಅದು ಸೀಳಬಹುದು. ಕಡೆಗೆ ಬಾಗಿಲಿನ ರಬ್ಬರು ಅಂಚುಗಳನ್ನು ಒರಸಿ ಒಣಗಿಸಬೇಕು. ಇಲ್ಲವಾದರೆ ಬೆಳಗಾಗುವುದರೊಳಗೆ ಬಾಗಿಲು ಹಿಮದಿಂದ ಅಂಟಿಕೊಳ್ಳುವುದು.

"ಈ ನೀರು ಮುಂದೆಲ್ಲಿಗೆ?" ಎಂದು ಕೇಳಿದೆನು. ಎಣ್ಣೆ, ಸಾಬೂನುಗಳನ್ನು ಶುದ್ಧಿಮಾಡುವ ಯಂತ್ರಗಳುಂಟು. ಕರಗಿದ ಉಪ್ಪು ಮಾತ್ರ ಅವುಗಳ ಕೈಗೆ ಸಿಕ್ಕದೆ ಸರೋವರವನ್ನು ಸೇರುವುದಂತೆ. ರಸ್ತೆಯ ಉಪ್ಪು ಪರಿಸರಕ್ಕೆ ಕೇಡೆಂದು 2001ರಲ್ಲಿ ಅಲ್ಲಿಯ ಸರ್ಕಾರದ ವರದಿಯೇ ಸಾರಿದೆ. ಉಪ್ಪಿಲ್ಲದಿದ್ದರೆ ಜನರು ಜಾರಿ ಬೀಳುವರು. ಇದ್ದರೆ ಸಿಹಿನೀರಿನ ಜೀವಿಗಳು ನೋಯುವುವು. ಎರಡನ್ನೂ ಅರಿತು ಆದಷ್ಟು ಕಡಮೆ ಎರಚುವುದೇ ಉಳಿದ ದಾರಿ.

ಊರಿಗೆ ಮರಳಿದ ಮೇಲೆ ಗೋಕರ್ಣಕ್ಕೆ ಹೋಗಿದ್ದೆವು. ಸಮುದ್ರದ ಗಾಳಿಯೂ ಘಟ್ಟವೇರುವ ಮೀನಿನ ಲಾರಿಗಳಿಂದ ಸುರಿಯುವ ನೀರೂ ನಮ್ಮ ಕಾರಿಗೂ ಉಪ್ಪನ್ನು ಉಣಿಸಿದ್ದುವು. ಮರುದಿನ ಬೆಳಿಗ್ಗೆ ಬಕೆಟ್ಟನ್ನು ಹಿಡಿದು ಹೊರಗೆ ಬಂದವನು ಸ್ವಲ್ಪ ಹೊತ್ತು ಸುಮ್ಮನೆ ನಿಂತೆನು. ಅಂಗಳದ ಇಳಿಜಾರು ಬೀದಿಯ ಕಡೆಗೆ. ಆ ಬೀದಿಯಲ್ಲಿ ಶಾಲೆಯ ಮಕ್ಕಳು ನಡೆಯುತ್ತಾರೆ. ನಮ್ಮಲ್ಲಿ ನೀರು ಹೆಪ್ಪುಗಟ್ಟದು, ನಿಜ, ಕೆಸರಂತೂ ಆಗುವುದು.

"ಏನನ್ನು ನೋಡುತ್ತಿದ್ದೀರಿ?" ಎಂದಳು ಹೆಂಡತಿ.

"ನೀರಿನ ದಾರಿಯನ್ನು" ಎಂದೆನು. ತೊಳೆಯುವುದನ್ನು ತಂದೆಯವರು ಕಲಿಸಿದ್ದರು. ಇದನ್ನು ಕಲಿಸಲು ಒಬ್ಬ ಪರದೇಶದ ತಾಯಿಯ ಕೈ ಮುರಿಯಬೇಕಾಯಿತು.